ಯಾರೂ ಟೋಪಿ ತೆಗೆಯದ ಊರು

ಮ್ಯಾಸಚುಸೆಟ್ಸ್‌ನಲ್ಲಿ ಪ್ರವಾಸಿಗರಿಗೆಂದೇ ಕಟ್ಟಿದ ಆ ಹಳೇಕಾಲದ ಊರಲ್ಲಿ ಯಾವಾಗಲೂ ಇಸವಿ ೧೬೯೩. ಕಮ್ಮಾರ, ದರ್ಜಿ, ಕಾನ್‌ಸ್ಟೇಬಲ್ ಎಲ್ಲ ಸಂಬಳಕ್ಕಿರುವ ಈಗಿನವರೇ, ಆದರೆ ಸಂಜೆ ಗೇಟು ಮುಚ್ಚುವತನಕ ಪಾತ್ರ ಬಿಡುವುದಿಲ್ಲ. ಫೋನ್ ಇದೆಯಾ ಎಂದು ಕೇಳಿದರೆ, “ಅದೇನು, ತಿನ್ನೋದಾ?” ಎನ್ನುತ್ತಾರೆ. ಚಿಕ್ಕಂದಿನಿಂದ ಅಲ್ಲಿಗೆ ಹೋಗುವ ಹುಚ್ಚು ನನಗೆ. ಅವರು ಪಾತ್ರ ಬಿಟ್ಟದ್ದನ್ನು ನಾನು ನೋಡಿದ್ದು ಒಂದೇ ಸಲ: ಕಮ್ಮಾರನ ಕೈ ನಿಜವಾಗಿ ಸುಟ್ಟಾಗ ಅವನು ಟೋಪಿ ಕಿತ್ತು ನೆಲಕ್ಕೆಸೆದ. ಅದನ್ನು ಕಂಡದ್ದೇ ಉಳಿದವರೂ ಟೋಪಿ ತೆಗೆದು ಓಡಿ ಬಂದರು. ಬರಿತಲೆ ಎಂದರೆ ಅಲ್ಲಿ ಆಟ ಮುಗಿಯಿತು ಎಂದರ್ಥ.

ಈ ಅಕ್ಟೋಬರ್‌ನಲ್ಲಿ ಅಪ್ಪನನ್ನು ಎಳೆದುಕೊಂಡು ಹೋದೆ. ಗೇಟಿನಲ್ಲಿ ಬಾಡಿಗೆಗೆ ಕೊಡುವ ಉದ್ದ ಲಂಗವನ್ನು ಜೀನ್ಸ್ ಮೇಲೆಯೇ ಹಾಕಿಕೊಂಡು, ತಲೆಗೆ ಬಿಳಿ ಕುಲಾವಿ ಟೋಪಿ ಕಟ್ಟಿಕೊಂಡೆ. ಬ್ಯಾಗನ್ನು ಅಲ್ಲೇ ಬಿಟ್ಟೆ. ಅದರಲ್ಲಿ ನಮ್ಮಿಬ್ಬರ ಫೋನುಗಳಿದ್ದವು. ಅಪ್ಪನ ಇಂಜೆಕ್ಷನ್ ಕೂಡ ಇತ್ತು. ಕಡಜ ಕಚ್ಚಿದರೆ ಅವನ ಗಂಟಲು ಮುಚ್ಚಿಕೊಳ್ಳುತ್ತದೆ.

ಸೇಬಿನ ಗಾಣದ ಬಳಿ ಅಪ್ಪ ರಸ ಕುಡಿದು, ಕೈಗೆಲ್ಲ ಅಂಟಿಸಿಕೊಂಡ. ಕಾನ್‌ಸ್ಟೇಬಲ್ ಹೆಜಕಾಯ ಬಂದು ಭುಜ ಹಿಡಿದ.

“ಪಾದ್ರಿಗಳ ಕೋಳಿ ಕದ್ದೋನು ನೀನೇ ಅಲ್ವೇನೋ?”

“ಕದ್ದಿಲ್ಲ ಸ್ವಾಮಿ, ಅದೇ ನನ್ ಹಿಂದೆ ಬಿತ್ತು!” ಎಂದ ಅಪ್ಪ. ಜನ ನಕ್ಕರು.

ಚೌಕದಲ್ಲಿ ಮರದ ಕೋಳವಿತ್ತು. ಅಪ್ಪನ ತಲೆ, ಕೈಗಳನ್ನು ಅದರ ತೂತಿನೊಳಗೆ ತೂರಿಸಿ ಹೆಜಕಾಯ ಬೀಗ ಜಡಿದ. ಅಪ್ಪ ನಾಲಿಗೆ ಚಾಚಿ ಅಣಕಿಸಿದ. ಆ ಅಂಟು ಕೈಯ ಮೇಲೆ ಹಳದಿ ಪಟ್ಟೆಯ ಕಡಜವೊಂದು ಕೂತಿತು. ನಾನು ಓಡಿ ಹೋಗಿ ಅದನ್ನು ಅಟ್ಟುವುದರೊಳಗೆ ಕಚ್ಚಿತು.

“ಥಿಯಾ, ಕಚ್ತು ಕಣೇ. ಬಿಡಿಸು.”

“ಬೀಗ ತೆಗೀರಿ! ಅಪ್ಪಂಗೆ ಅಲರ್ಜಿ ಇದೆ! ಆಂಬುಲೆನ್ಸ್ ಕರೀರಿ!”

“ಆಂಬು... ಏನು? ಮಾಟದ ಮಾತಾ?” ಹೆಜಕಾಯ ಜನರ ಕಡೆ ಹುಬ್ಬು ಹಾರಿಸಿದ. “ಕಳ್ಳನ ಮಗಳು ಅತ್ರೆ ಶಿಕ್ಷೆ ಕಮ್ಮಿ ಆಗಲ್ಲ!”

ಚಪ್ಪಾಳೆ ಬಿತ್ತು. ಅಪ್ಪನ ತುಟಿ ಊದತೊಡಗಿತ್ತು. ಉಸಿರೆಳೆದರೆ ಸೀಟಿಯಂಥ ಸದ್ದು. ಗೇಟಿಗೆ ಓಡಿ ಇಂಜೆಕ್ಷನ್ ತರುವಷ್ಟು ಹೊತ್ತಿರಲಿಲ್ಲ. ಮುಂದೆ ನಿಂತ ಹೆಂಗಸಿನ ತೋಳು ಹಿಡಿದು, “ನಿಮ್ಮ ಫೋನ್ ಕೊಡಿ ಆಂಟಿ, ನಿಜವಾಗ್ಲೂ!” ಎಂದೆ.

ಅವಳು ಫೋನಿನಲ್ಲಿ ನನ್ನದೇ ವೀಡಿಯೊ ತೆಗೆಯುತ್ತಿದ್ದಳು. “ಎಷ್ಟ್ ಚೆನ್ನಾಗ್ ಮಾಡ್ತಾಳೆ ನೋಡ್ರೀ! ಕಣ್ಣೀರು ಕೂಡ ಬರುತ್ತೆ!”

ಆಗ ಹೊಳೆಯಿತು. ನನ್ನ ಮೈಮೇಲೂ ಲಂಗ, ಕುಲಾವಿ. ಇವರಿಗೆ ನಾನೂ ನಾಟಕದವಳೇ. ಕಿರುಚಿದಷ್ಟೂ ಚಪ್ಪಾಳೆ ಜಾಸ್ತಿ. ಅಪ್ಪನ ಬೆರಳುಗಳು ಕೋಳದಲ್ಲಿ ಒದ್ದಾಡುವುದನ್ನು ಬಿಟ್ಟು ಜೋತುಬಿದ್ದವು.

ಕುಲಾವಿ ಕಿತ್ತು ಹೆಜಕಾಯನ ಕಾಲಬುಡಕ್ಕೆಸೆದೆ. ಲಂಗದ ದಾರ ಹರಿದು ಕೆಳಗೆ ಬಿಟ್ಟೆ. ಬರಿತಲೆಯಲ್ಲಿ, ಜೀನ್ಸಿನಲ್ಲಿ ಅವನೆದುರು ನಿಂತೆ. ಅಪ್ಪನ ಕಡೆ ಬೆರಳು ತೋರಿಸಿದೆ.

ಹೆಜಕಾಯ ಕುಲಾವಿ ನೋಡಿದ. ಆಮೇಲೆ ಅಪ್ಪನ ಮುಖ ನೋಡಿದ. ತನ್ನ ಟೋಪಿ ಕಿತ್ತು ನೆಲಕ್ಕೆಸೆದ.

“ಅಯ್ಯೋ ದೇವ್ರೇ,” ಎಂದ, ನಾಟಕದ ಗತ್ತಿಲ್ಲದ, ಯಾವುದೋ ಅಂಗಡಿಯವನಂಥ ಸಾದಾ ದನಿಯಲ್ಲಿ. ಬೀಗ ತೆಗೆಯುತ್ತಲೇ, “ಪ್ರಾರ್ಥನೆ ಮನೇಲಿ ಔಷಧಿ ಡಬ್ಬ ಇದೆ, ಇಂಜೆಕ್ಷನ್ ತನ್ನಿ! ಆಂಬುಲೆನ್ಸ್ ಕರೀರಿ! ಬೇಗ!” ಎಂದು ಕೂಗಿದ. ಗಾಣದವನು ಬರಿತಲೆಯಲ್ಲಿ ಓಡಿದ. ಅಪ್ಪ ನನ್ನ ಮೇಲೆ ಕುಸಿದ. ಗಾಣದವನು ತಂದ ಸೂಜಿಯನ್ನು ಹೆಜಕಾಯ ಪ್ಯಾಂಟಿನ ಮೇಲಿಂದಲೇ ತೊಡೆಗೆ ಚುಚ್ಚಿದ. ಅಪ್ಪನ ಉಸಿರಿನ ಸೀಟಿ ನಿಂತೇ ಹೋಗಿತ್ತು. ಕೊನೆಗೆ ಎಲ್ಲಿಂದಲೋ ಮತ್ತೆ ಶುರುವಾಯಿತು.

ಆಂಬುಲೆನ್ಸ್ ಚೌಕಕ್ಕೆ ಬಂದಾಗ ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು. “ನಿಲ್ಲಿಸ್ರೀ!” ಎಂದು ಅರಚಿದ ಹೆಜಕಾಯ.

ಆಂಬುಲೆನ್ಸಿನೊಳಗೆ ಅಪ್ಪ ಆಕ್ಸಿಜನ್ ಮಾಸ್ಕ್ ಸರಿಸಿದ. “ಕೋಳಿ... ನಿಜವಾಗ್ಲೂ ಕದ್ದಿಲ್ಲ ಕಣೇ.”

ನನಗೆ ನಗು ಬರಲಿಲ್ಲ. ಮಾಸ್ಕನ್ನು ಸರಿಯಾಗಿ ಹಾಕಿ, ಅವನ ಎದೆ ಏರಿಳಿಯುವುದನ್ನೇ ನೋಡುತ್ತ ಕೂತೆ. ಆಸ್ಪತ್ರೆ ಬರುವತನಕ ಕಣ್ಣು ಮಿಟುಕಿಸಲೂ ಹೆದರಿಕೆಯಾಗುತ್ತಿತ್ತು.