ಒಣಗಿದ ಬಾಯಿ, ಬಿಚ್ಚುವ ಕೊಂಡಿ

ಜೈನಬಿ ಮಗ್ಗದ ಮುಂದೆ ಕೂತು ಇನ್ನೂ ಹತ್ತು ನಿಮಿಷ ಆಗಿರಲಿಲ್ಲ, ಆಗಲೇ ಎರಡು ಸಲ ಪಾಯಖಾನೆಯ ಬಾಗಿಲ ಕಡೆ ನೋಡಿದ್ದಳು.

ಇಳಕಲ್ ಸೀರೆಗೆ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದರೊಳಗೊಂದು ಕೊಂಡಿ ಹಾಕಿ, ಉಗುಳು ಹಚ್ಚಿದ ಬೆರಳಿನಿಂದ ಹೊಸೆದು ಕೂಡಿಸಬೇಕು. ನಡುವೆ ಕೈಬಿಟ್ಟರೆ ಬಿಚ್ಚಿಕೊಳ್ಳುತ್ತವೆ. ಹೋದ ತಿಂಗಳು ಅವಳು ಎರಡು ಸಲ ನಡುವೆಯೇ ಎದ್ದು ಓಡಿದ್ದಳು. ಮಗ್ಗದ ಮಾಲೀಕ ನಾಗಲಿಂಗ ಇವತ್ತು ಬೆಳಿಗ್ಗೆಯೇ ಹೇಳಿಬಿಟ್ಟಿದ್ದ: "ಇನ್ನೊಮ್ಮೆ ನಡುವ ಎದ್ದಿ ಅಂದ್ರ ಬ್ಯಾರೆ ಹೆಣ್ಮಗಳ್ನ ಕೂಡಸ್ತೇನಿ. ಸಿಟ್ಟಾಗಬ್ಯಾಡ."

ಹುನಗುಂದದ ಡಾಕ್ಟರಮ್ಮ ಕೊಟ್ಟ ಗುಳಿಗೆಯನ್ನು ಮೂರು ವಾರ ಮನೆಯಲ್ಲೇ ಕೂತು ನುಂಗಿ ಅವಳು ಇವತ್ತು ಮತ್ತೆ ಬಂದಿದ್ದಳು. "ನಿಮ್ಮ ಮೂತ್ರದ ಚೀಲ ತುಂಬೂಕಿಂತ ಮೊದ್ಲ ಹಿಂಡತೈತಿ. ಗುಳಿಗಿ ಅದನ್ನ ಸುಮ್ಮನ ಕೂಡಸ್ತೈತಿ. ಬಾಯಿ ಒಣಗಬಹುದು, ಗಾಬರಿ ಆಗಬ್ಯಾಡ್ರಿ" ಎಂದಿದ್ದಳು ಡಾಕ್ಟರಮ್ಮ. ತನ್ನ ಕೆಲಸ ಉಗುಳಿನದೆಂದು ಜೈನಬಿ ಹೇಳಿರಲಿಲ್ಲ. ಅವಳಿಗೇ ಹೊಳೆದಿರಲಿಲ್ಲ.

ನೂರು ಎಳೆ ಆಗುವಷ್ಟರಲ್ಲಿ ನಾಲಿಗೆ ಚಪ್ಪಲಿಯ ಅಟ್ಟೆಯಂತಾಯಿತು. ರೇಷ್ಮೆ ಜಾರಿತು. ಬಟ್ಟಲ ನೀರಿನಲ್ಲಿ ಬೆರಳು ಅದ್ದಿದಳು. ನೀರಿಗೆ ಅಂಟಿಲ್ಲ, ಮೂರು ಕೊಂಡಿ ಬಿಚ್ಚಿದವು. ಕಾಲು ತಾನಾಗಿ ಅಲುಗತೊಡಗಿತು. ಒತ್ತಡವೇನೂ ಇರಲಿಲ್ಲ. ಏಳುವ ಚಟ ಹೋಗಿರಲಿಲ್ಲ.

ಎದುರಿಗೆ ಎಳೆ ಬಿಡಿಸಿಕೊಡುತ್ತಿದ್ದ ಸಿದ್ದವ್ವ ಕೇಳಿದಳು: "ಏನ ಬೇ, ಮತ್ತ ಬಂತೇನ?"

"ಅದು ಬಂದಿಲ್ಲ. ಉಗುಳ ಹೋಗೇತಿ."

"ಕೆಳಗಿನ ನಳ ಬಂದ್ ಮಾಡಸಾಕ ಹೋಗಿ ಮ್ಯಾಲಿಂದೂ ಬಂದ್ ಮಾಡಿಸ್ಕೊಂಡು ಬಂದಿಯಲ್ಲ! ನನ್ನ ಉಗುಳ ಕೊಡ್ಲೇನು?"

"ನಿನ್ನ ಎಲಿ ಅಡಿಕಿ ಕೆಂಪು ಈ ಬಿಳಿ ಎಳಿಗೆ ಹತ್ತಿದ್ರ ಇಬ್ಬರನ್ನೂ ಹೊರಗ ಹಾಕ್ತಾನ."

ಸಿದ್ದವ್ವ ನಕ್ಕು, ಬುತ್ತಿಯ ಗಂಟಿನಿಂದ ಮಾವಿನಕಾಯಿಯ ಹೋಳೊಂದನ್ನು ತೆಗೆದು ಜೈನಬಿಯ ಬಾಯಿಗಿಟ್ಟಳು. ಇನ್ನೊಂದನ್ನು ಉಪ್ಪುಖಾರ ಹಚ್ಚಿ ತಾನೇ ಚೀಪಿದಳು. ಹುಳಿಗೆ ಜೈನಬಿಯ ದವಡೆ ಹಿಡಿದುಕೊಂಡಿತು. ನಾಲಿಗೆಯ ಕೆಳಗೆ ಏನೋ ಒಸರಿತು. ಎರಡು ಕೊಂಡಿಗೆ ಸಾಕಾಗುವಷ್ಟು.

"ಸಪ್ಪಳ ಮಾಡಿ ತಿನ್ನ ಬೇ, ಸಪ್ಪಳ ಮಾಡು" ಎಂದಳು ಜೈನಬಿ, ಹೋಳನ್ನು ಹಲ್ಲಲ್ಲಿ ಕಚ್ಚಿಕೊಂಡೇ. ಸಿದ್ದವ್ವ ಚೀಪುವ ಸಪ್ಪಳಕ್ಕೇ ಅವಳ ಬಾಯಲ್ಲಿ ಇನ್ನಷ್ಟು ನೀರೂರಿತು.

ಐದು ಹೋಳು ಮುಗಿದವು. ಹಲ್ಲು ಜುಮ್ಮೆಂದವು. ಮಧ್ಯಾಹ್ನದ ಹೊತ್ತಿಗೆ ನಾಗಲಿಂಗ ಬಂದು ಹಾಸನ್ನು ಎಳೆದು ನೋಡಿದ. ಒಂದೂ ಬಿಚ್ಚಲಿಲ್ಲ.

"ಏಳಲೇ ಇಲ್ಲಲ್ಲ! ನಾಳೆ ಬರ್ತೀಯೇನು?"

"ಬರ್ತೇನಿ. ಮಾವಿನಕಾಯಿ ನೀವ ತರಬೇಕ್ರಿ."

ನಡುವೆ ಏಳಬೇಕಾದೀತೆಂದು ಹೆದರಿ ಬೆಳಿಗ್ಗೆಯಿಂದ ಬಾಯಿಗೆ ಹಾಕದಿದ್ದ ನೀರನ್ನು ಅವಳು ನಿಂತೇ ತಂಬಿಗೆ ತುಂಬ ಕುಡಿದಳು. ಕುಡಿಯುವಾಗಲೂ ಕಣ್ಣು ಪಾಯಖಾನೆಯ ಬಾಗಿಲ ಮೇಲೆಯೇ ಇತ್ತು.