ಗುಂಡುಪಿನ್ನು ಕಚ್ಚಿಕೊಂಡು ಅಂದ ‘ಸರಿ’

ಬೆಳಿಗ್ಗೆ ಕಂಪ್ಯೂಟರ್ ತೆರೆದ ಕೂಡಲೇ ಪಾಸ್‌ವರ್ಡ್ ಕೇಳುವ ಪೆಟ್ಟಿಗೆಯೊಂದು ಎದುರಿಗೆ ಬಂದು ನಿಲ್ಲುವುದನ್ನು ನೀವೂ ನೋಡಿರಬಹುದು. ನಿನ್ನೆಯವರೆಗೆ ಕೇಳದಿದ್ದದ್ದು ಇವತ್ತು ಕೇಳುತ್ತದೆ. ಕೆಲಸ ತಲೆಯ ಮೇಲಿರುತ್ತದೆ. ಕೊಟ್ಟು ಕಳಿಸಿದರಾಯಿತು ಅನ್ನಿಸುತ್ತದೆ.

ಸರಿಯಕ್ಕನ ಹೊಲಿಗೆ ಕೋಣೆಯಲ್ಲೂ ಒಂದು ಬೆಳಿಗ್ಗೆ ಹಾಗೇ ಆಯಿತು.

ಎರಡು ಮೆಷಿನ್ನು, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಕಿಟಕಿಯ ಪಕ್ಕ ಒಂದು ಹಳೆಯ ಕಂಪ್ಯೂಟರ್. ಇಷ್ಟೇ ಆ ಕೋಣೆ. ಅಲ್ಲಿ ಹೊಲಿಯುವುದು ಒಂದೇ ಬಗೆಯ ಬಟ್ಟೆ. ಕ್ಯಾನ್ಸರ್ ಆಪರೇಷನ್ನಿನಲ್ಲಿ ಸ್ತನ ಕಳೆದುಕೊಂಡ ಹೆಂಗಸರಿಗೆ ಒಳ ಉಡುಪು. ಖಾಲಿಯಾದ ಕಡೆ ಮೆತ್ತೆ ಕೂರಿಸಲು ಅದರೊಳಗೊಂದು ಜೇಬಿರುತ್ತದೆ. ಅಂಗಡಿಯಲ್ಲಿ ಬಾಯಿಬಿಟ್ಟು ಕೇಳಲಾರದವರು, ಎದುರು ನಿಂತು ಅಳತೆ ಕೊಡಲಾರದವರು ಇಲ್ಲಿಗೆ ಇ-ಮೇಲ್ ಬರೆಯುತ್ತಾರೆ. ಎದೆಸುತ್ತು ಎಷ್ಟು, ಗಾಯದ ಗುರುತು ಎಲ್ಲಿಂದ ಎಲ್ಲಿಗೆ, ಬಾವು ಯಾವ ಕಡೆ. ಅಳತೆ ಬರೆಯುತ್ತ ಬರೆಯುತ್ತ ಗಂಡನಿಗೂ ಹೇಳದ, ಹೆತ್ತವ್ವನಿಗೂ ಹೇಳದ ಮಾತುಗಳನ್ನು ಬರೆದುಬಿಡುತ್ತಾರೆ.

ಹೊಲಿಯುವಾಕೆಗೆ ಬೀದಿಯವರು ಸರಿಯಕ್ಕ ಎಂದು ಹೆಸರಿಟ್ಟಿದ್ದರು. ಯಾರು ಏನು ಕೇಳಿದರೂ ಆಕೆಯ ಬಾಯಲ್ಲಿ ಬರುತ್ತಿದ್ದುದು ‘ಸರಿ’ ಎಂಬ ಒಂದೇ ಮಾತು. ಅದು ಒಪ್ಪಿಗೆಯೇ ಆಗಿರಬೇಕೆಂದಿರಲಿಲ್ಲ. ಸರಿ ಅಂದರೆ ಮಾತು ಬೇಗ ಮುಗಿಯುತ್ತಿತ್ತು, ಸೂಜಿಗೆ ಕೈ ಸಿಗುತ್ತಿತ್ತು. ತುಂಬು ಮನೆಯಲ್ಲಿ ಬಾಳಿದ ಹೆಂಗಸರಿಗೆ ಇದು ಗೊತ್ತು.

ಬಟ್ಟೆ ಕತ್ತರಿಸುವವಳು ಆಕೆಯ ನಾದಿನಿ. ಕತ್ತರಿಗಿಂತ ಹರಿತ ನಾಲಿಗೆ. ಇಬ್ಬರ ಕೆಲಸಕ್ಕೂ ಒಂದು ಪದ್ಧತಿ ಇತ್ತು. ನಾದಿನಿ ಕಂಪ್ಯೂಟರ್ ಮುಂದೆ ಕೂತು ಅಳತೆ ಓದುವುದು, ಸರಿಯಕ್ಕ ಮೇಜಿನ ಬಳಿ ಟೇಪು ಹಿಡಿದು ಗುರುತು ಹಾಕಿ ‘ಸರಿ’ ಅನ್ನುವುದು. ಆಕೆ ಸರಿ ಅನ್ನುವವರೆಗೆ ಈಕೆ ಮುಂದಿನ ಸಾಲಿಗೆ ಹೋಗುವಂತಿಲ್ಲ.

ಆ ಬೆಳಿಗ್ಗೆ ಸರಿಯಕ್ಕನೇ ಮೊದಲು ಕಂಪ್ಯೂಟರ್ ತೆರೆದಳು. ಈಜು ಕಲಿಸುವಾಕೆಯೊಬ್ಬಳ ಪತ್ರ ಬರಬೇಕಿತ್ತು. ಆಪರೇಷನ್ನಿನ ನಂತರ ಆಕೆ ನಾಳಿದ್ದು ಮೊದಲ ಸಲ ನೀರಿಗಿಳಿಯುವವಳಿದ್ದಳು. ಬಾವು ಇಳಿದಿದೆ, ಹೊಸ ಅಳತೆ ಬರೆದು ಕಳಿಸುತ್ತೇನೆ ಎಂದಿದ್ದಳು. ಫೋನ್ ಮಾತ್ರ ಮಾಡಬೇಡಿ, ಕೆಲಸದ ಜಾಗದಲ್ಲಿ ಯಾರಿಗೂ ಗೊತ್ತಿಲ್ಲ ಎಂದೂ ಬರೆದಿದ್ದಳು.

ಪತ್ರ ಕಾಣಲಿಲ್ಲ. ಪೆಟ್ಟಿಗೆ ಬಂತು. ‘ಪಾಸ್‌ವರ್ಡ್ ತಪ್ಪಾಗಿದೆ. ಮತ್ತೆ ಕೊಡಿ.’ ಅದರ ಮೇಲೆ ಸರ್ವರಿನ, ಅಂದರೆ ಪತ್ರಗಳನ್ನು ಇಟ್ಟುಕೊಂಡು ತಲುಪಿಸುವ ಮೇಲ್ ಕಂಪನಿಯ ಕಂಪ್ಯೂಟರಿನ ಹೆಸರು.

“ಕೊಟ್ಟುಬಿಡು ಅತ್ತಿಗೆ. ಬಾಗಿಲು ತಟ್ಟಿದರೆ ತೆಗೀಬೇಕಪ್ಪ, ಇಲ್ಲದಿದ್ದರೆ ಮೇಲ್ ಹೇಗೆ ಒಳಗೆ ಬರುತ್ತೆ?” ಹಿಂದಿನಿಂದ ನಾದಿನಿ ಅಂದಳು.

ಸರಿಯಕ್ಕನ ಬೆರಳು ಕೀಲಿಗಳ ಮೇಲೆ ಹೋಗಿ ನಿಂತಿತು. ಮೇಲ್ ಬರುವಾಗ ಪರದೆಯ ಕೆಳಗೆ ದಿನವೂ ಒಂದು ಹೆಸರು ಹಾದುಹೋಗುತ್ತಿತ್ತು. ಆಕೆ ಅದನ್ನು ಎಂದೂ ಓದಿರಲಿಲ್ಲ. ಆದರೆ ಅದರ ಉದ್ದ ಕಣ್ಣಿಗೆ ಗೊತ್ತಿತ್ತು. ಚೋಟುದ್ದದ ಹೆಸರು. ಇವತ್ತಿನದು ತೋಳು ಉದ್ದವಾದ ಅಂಗಿಯಂತೆ ಪೆಟ್ಟಿಗೆಯ ಅಂಚಿನವರೆಗೂ ಜೋತುಬಿದ್ದಿತ್ತು.

“ಈ ಹೆಸರು ನಮ್ಮದಲ್ಲ,” ಅಂದಳು.

“ಅದನ್ನ ನಿನ್ನೆ ಬದಲಿಸಿದೆವಲ್ಲ!”

“ಯಾರು?”

“ನಾನು. ನೀನು ಸರಿ ಅಂದಮೇಲೆ.”

ಸರಿಯಕ್ಕ ಕುರ್ಚಿಯಲ್ಲೇ ತಿರುಗಿದಳು. ನಾದಿನಿ ಸಲೀಸಾಗಿ ವಿವರಿಸಿದಳು. ನಿನ್ನೆ ಸಂಜೆ ಒಂದು ಮೇಲ್ ಬಂದಿತ್ತು. ನಿಮ್ಮ ಅಂಚೆಪೆಟ್ಟಿಗೆ ತುಂಬಿದೆ, ಇಂದೇ ಸೆಟ್ಟಿಂಗ್ಸಿಗೆ ಹೋಗಿ ಹಳೆಯ ಸರ್ವರ್ ತೆಗೆದು ಈ ಹೊಸ ಹೆಸರು ಹಾಕಿ, ಇಲ್ಲದಿದ್ದರೆ ಎಲ್ಲ ಪತ್ರ ಅಳಿಸಿಹೋಗುತ್ತವೆ ಎಂದಿತ್ತು. ಅದರ ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದಿದ್ದಳು. ಮೇಜಿನ ಬಳಿಯಿಂದ ಅತ್ತಿಗೆ ಒಂದೊಂದಕ್ಕೂ ಸರಿ ಅಂದಿದ್ದಳು.

“ಅಯ್ಯೋ, ನಾನು ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಭುಜದ ಪಟ್ಟಿ ಕೂಡಿಸ್ತಿದ್ದೆ. ಒಂದೊಂದು ಪಟ್ಟಿ ಕೂತಾಗಲೂ ಸರಿ ಅಂದೆ!”

“ನಿನ್ನ ಸರಿ ಪಟ್ಟಿಗೋ ಸರ್ವರಿಗೋ ಅಂತ ನನಗೇನು ಕನಸು ಬೀಳುತ್ತಾ? ಒಪ್ಪಿದ್ದಕ್ಕೂ ಸರಿ, ಪಕ್ಕಕ್ಕೆ ಹೋಗು ಅನ್ನೋದಕ್ಕೂ ಸರಿ. ನಿನ್ನ ಜೊತೆ ಬಾಳೋರಿಗೆ ಒಂದು ಅರ್ಥಕೋಶ ಬೇಕು.”

ಬೇರೆ ದಿನವಾಗಿದ್ದರೆ ಇಬ್ಬರೂ ನಗುತ್ತಿದ್ದರು. ಸರಿಯಕ್ಕನ ಕಣ್ಣ ಮುಂದೆ ಆ ಪತ್ರಗಳೆಲ್ಲ ಸಾಲಾಗಿ ನಿಂತವು. ಕನ್ನಡಿಗೆ ಬಟ್ಟೆ ಮುಚ್ಚಿ ಸ್ನಾನ ಮಾಡುತ್ತೇನೆ ಎಂದು ಬರೆದಾಕೆ. ಮಗುವನ್ನು ಎತ್ತಿಕೊಂಡರೆ ಯಾವ ಕಡೆ ತಲೆಯಿಟ್ಟೀತೋ ಎಂದು ಹೆದರುವಾಕೆ. ನಿಮ್ಮೊಬ್ಬರಿಗೇ ಹೇಳುತ್ತಿದ್ದೇನೆ ಎಂದು ಎಲ್ಲರೂ ಬರೆದಿದ್ದರು.

“ಮಹಡಿಯವಳನ್ನ ಕರಿ,” ಅಂದಳು.

“ಯಾಕಮ್ಮನನ್ನಾ? ಅವಳು ಬಂದರೆ ಯಾಕೆ, ಯಾಕೆ ಅಂತ ಕೇಳೋದರಲ್ಲೇ ಮಧ್ಯಾಹ್ನ ಆಗುತ್ತೆ. ಈಜಿನವಳ ಬಟ್ಟೆ ಸಂಜೆ ಕೊರಿಯರಿಗೆ ಹೋಗಬೇಕು.”

“ಕರಿ ಅಂದೆ.”

ಮಹಡಿಯಲ್ಲಿದ್ದವಳು ಒಂದು ಕಚೇರಿಯಲ್ಲಿ ಮೇಲ್ ವ್ಯವಸ್ಥೆ ನೋಡಿಕೊಳ್ಳುವವಳು. ಕಾಲು ಉಳುಕಿ ರಜೆಯಲ್ಲಿದ್ದಳು. ಕಂಬಿ ಹಿಡಿದುಕೊಂಡು ಕುಂಟುತ್ತ ಇಳಿದು ಬಂದಳು. ಪರದೆ ನೋಡಿದವಳೇ ಕೇಳಿದ್ದು, “ಇದರಲ್ಲಿ ಪಾಸ್‌ವರ್ಡ್ ಹಾಕಿದಿರಾ?”

“ಇಲ್ಲ.”

“ಹಾಕಬೇಡಿ. ರದ್ದು ಒತ್ತಿ. ಪ್ರೋಗ್ರಾಂ ಮುಚ್ಚಿ. ಮೊದಲು ಇಂಟರ್‌ನೆಟ್ ತಂತಿ ಕೀಳಿ.”

“ನೋಡಿದೆಯಾ?” ನಾದಿನಿ ಉಸಿರು ಬಿಟ್ಟಳು. “ಹಾಕೇ ಇಲ್ಲ ಅಂದಮೇಲೆ ಭಯ ಯಾಕೆ?”

“ಯಾಕೆ ಅಂದರೆ, ಅಕ್ಕ, ಹಳೆ ಪಾಸ್‌ವರ್ಡನ್ನ ಈ ಪ್ರೋಗ್ರಾಂ ನೆನಪಿಟ್ಟುಕೊಂಡಿತ್ತು. ಸರ್ವರಿನ ಹೆಸರು ಬದಲಿಸಿದ ಕೂಡಲೇ ಅದು ತಾನೇ ಹೋಗಿ ಹೊಸ ಬಾಗಿಲಲ್ಲಿ ಆ ಗುಟ್ಟು ಹೇಳಿರುತ್ತೆ. ಆ ಬಾಗಿಲಲ್ಲಿ ನಿಂತೋನು ಕೇಳಿಸಿಕೊಂಡು, ತಪ್ಪಾಗಿದೆ, ಇನ್ನೊಂದು ಸಲ ಹೇಳು ಅಂತಿದ್ದಾನೆ.”

ಇಸ್ತ್ರಿಪೆಟ್ಟಿಗೆಯ ಹಬೆ ಸುಯ್ಯೆಂದಿತು. ನಾದಿನಿ ಹೋಗಿ ಅದರ ಸ್ವಿಚ್ಚು ಆರಿಸಿ ಅಲ್ಲೇ ಗೋಡೆಗೆ ಮುಖ ಮಾಡಿ ನಿಂತಳು.

“ಗುಟ್ಟು ಹೋಗದೆಯೂ ಇರಬಹುದಾ?” ಸರಿಯಕ್ಕ ಕೇಳಿದಳು.

“ಇರಬಹುದು. ಆದರೆ ಹೋಗಿದೆ ಅಂತಲೇ ನಾವು ನಡೀಬೇಕು.”

ಯಾಕಮ್ಮ ಆ ಕಂಪ್ಯೂಟರನ್ನು ಮುಟ್ಟಲಿಲ್ಲ. ತನ್ನ ಫೋನು ಕೊಟ್ಟಳು. ಬಂದ ಮೇಲ್‌ನಲ್ಲಿದ್ದ ಯಾವ ಕೊಂಡಿಯನ್ನೂ ಒತ್ತದೆ, ಮೇಲ್ ಕಂಪನಿಯ ವಿಳಾಸವನ್ನು ಬ್ರೌಸರಿನಲ್ಲಿ ಅಕ್ಷರ ಅಕ್ಷರವಾಗಿ ಸರಿಯಕ್ಕನ ಕೈಯಲ್ಲೇ ಬರೆಸಿದಳು. ಹಳೆಯ ಪಾಸ್‌ವರ್ಡ್ ಹಾಕಿದರೆ ಬಾಗಿಲು ತೆರೆಯಿತು.

“ಸದ್ಯ, ಕಳ್ಳ ಇನ್ನೂ ಬೀಗ ಬದಲಿಸಿಲ್ಲ. ನಾವೇ ಬದಲಿಸೋಣ.”

ಹೊಸ ಪಾಸ್‌ವರ್ಡ್ ಹಾಕಿದರು. ಉದ್ದನೆಯದು, ಬೇರೆಲ್ಲೂ ಬಳಸದ್ದು. ಎಲ್ಲ ಸಾಧನಗಳಿಂದ ಹೊರಹಾಕು ಎಂಬುದನ್ನು ಒತ್ತಿದರು. ಇನ್ನು ಮುಂದೆ ಒಳಗೆ ಬರಲು ಪಾಸ್‌ವರ್ಡ್ ಜೊತೆಗೆ ಸರಿಯಕ್ಕನ ಫೋನಿಗೆ ಬರುವ ಸಂಖ್ಯೆಯೂ ಬೇಕು ಎಂದು ಮಾಡಿದರು. ನಾದಿನಿ ಗೋಡೆ ಬಿಟ್ಟು ಬಂದು ಹಿಂದೆ ನಿಂತಿದ್ದಳು.

“ಮುಗೀತಲ್ಲ?”

“ಇನ್ನೊಂದಿದೆ. ಕಳ್ಳ ಹೋಗುವಾಗ ಹಿತ್ತಿಲ ಬಾಗಿಲು ತೆರೆದಿಟ್ಟು ಹೋಗಿರ್ತಾನೆ.” ಯಾಕಮ್ಮ ಸೆಟ್ಟಿಂಗ್ಸಿನಲ್ಲಿ ಒಳಗೊಳಗೆ ಹೋದಳು. ಬೆರಳು ನಿಂತಿತು. ಯಾರೂ ಕೇಳರಿಯದ ಒಂದು ವಿಳಾಸ ಅಲ್ಲಿತ್ತು. ಬರುವ ಪ್ರತಿ ಪತ್ರದ ನಕಲನ್ನೂ ಅದಕ್ಕೆ ಕಳಿಸು ಎಂದು ಯಾರೋ ನಿನ್ನೆ ರಾತ್ರಿ ಬರೆದಿಟ್ಟಿದ್ದರು.

ಅದನ್ನು ಅಳಿಸಿದರು. ಆಮೇಲೆ ನಿನ್ನೆಯಿಂದ ಬಂದ ಪತ್ರಗಳನ್ನು ನೋಡಿದರು. ಒಂದು ದಾರದ ಅಂಗಡಿಯವರ ಜಾಹೀರಾತು. ಇನ್ನೊಂದು ಈಜು ಕಲಿಸುವಾಕೆಯದು.

ಸರಿಯಕ್ಕ ಓದಿದಳು. ಮೇಲೆ ಅಳತೆ. ಕೆಳಗೆ ನಾಲ್ಕು ಸಾಲು. ‘ನೀರಿನಲ್ಲಿ ಒಂದು ಕಡೆ ಮೇಲೆದ್ದು ಕಂಡರೆ ಮಕ್ಕಳು ನಗುತ್ತಾರೇನೋ ಎಂದು ನಿದ್ದೆ ಬರುತ್ತಿಲ್ಲ. ನನ್ನ ಅರ್ಧ ಆಯಸ್ಸು ನೀರಿನಲ್ಲಿ ಕಳೆದಿದೆ. ಈಗ ಬಕೆಟ್ಟಿನ ನೀರು ನೋಡಿದರೂ ಹೆದರಿಕೆ.’

ಇದು ಯಾರದೋ ಕೈಯಲ್ಲಿತ್ತು.

ಯಾಕಮ್ಮ ಮೇಲ್ ಕಂಪನಿಗೆ ಫೋನ್ ಮಾಡಿಸಿದಳು. ಬಂದ ಮೇಲ್‌ನಲ್ಲಿದ್ದ ನಂಬರಿಗಲ್ಲ, ಕಂಪನಿಯವರ ಹಳೆಯ ರಸೀದಿಯಲ್ಲಿದ್ದ ನಂಬರಿಗೆ. ನಾವು ಸರ್ವರ್ ಬದಲಿಸಿಯೇ ಇಲ್ಲ ಎಂದರು. ಸರಿಯಾದ ಹೆಸರನ್ನು ಬಿಡಿಸಿ ಹೇಳಿದರು. ಆ ಚೋಟುದ್ದದ ಹೆಸರೇ ಅದು.

“ಹಾಗಾದರೆ ಸರ್ವರ್ ಬದಲಾದಾಗಲೆಲ್ಲ ಕಳ್ಳನೇ ಬಂದಿರ್ತಾನಾ?” ನಾದಿನಿ ಕೇಳಿದಳು. ದನಿಯಲ್ಲಿ ಮೊದಲಿನ ಹರಿತವಿರಲಿಲ್ಲ.

“ಇಲ್ಲ ಅಕ್ಕ. ಕಂಪನಿಗಳು ನಿಜವಾಗಿಯೂ ಬದಲಿಸ್ತಾರೆ. ಒಮ್ಮೊಮ್ಮೆ ಪ್ರೋಗ್ರಾಂ ತಾನೇ ತಪ್ಪು ಹೆಸರು ಹಿಡಿಯುತ್ತೆ. ಬದಲಾಗೋದು ತಪ್ಪಲ್ಲ, ಕೇಳದೆ ಒಪ್ಪೋದು ತಪ್ಪು. ಕೇಳೋದೂ ಪತ್ರ ಬರೆದೋನನ್ನಲ್ಲ, ಕಂಪನಿಯವರನ್ನ.”

ಯಾಕಮ್ಮ ಕಂಪ್ಯೂಟರನ್ನು ಪೂರ್ತಿ ತಪಾಸಣೆಗೆ ಹಚ್ಚಿದಳು. ಏನೂ ಸಿಗದ ಮೇಲೆ ಹಳೆಯ ಸರ್ವರ್ ಹೆಸರನ್ನೂ ಹೊಸ ಪಾಸ್‌ವರ್ಡನ್ನೂ ಹಾಕಿಸಿ, ಕುಂಟುತ್ತ ಮೇಲೆ ಹೋದಳು. ಹೋಗುವಾಗ ಹೇಳಿದಳು, “ಪತ್ರ ಬರೆದವರಿಗೆ ತಿಳಿಸಬೇಕಲ್ಲ, ಅಕ್ಕ.”

ನಾದಿನಿ ಬಾಗಿಲು ಹಾಕಿದಳು. “ಹುಚ್ಚಾ? ಹೇಳಿದರೆ ಒಬ್ಬಳೂ ಮತ್ತೆ ಬರಲ್ಲ. ಬೀಗ ಹಾಕಿದೆವು, ಮುಗೀತು. ಆ ಈಜಿನವಳಿಗೆ ಈಗಲೇ ನಿದ್ದೆ ಇಲ್ಲ, ಇದನ್ನೂ ಕೇಳಿದರೆ ನೀರಿಗೇ ಇಳಿಯಲ್ಲ. ಅವಳ ಒಳ್ಳೇದಕ್ಕೇ ಹೇಳ್ತಿದೀನಿ. ಬಟ್ಟೆ ಹೊಲಿದು ಕಳಿಸೋಣ. ಆಯ್ತಾ ಅತ್ತಿಗೆ?”

ಸರಿಯಕ್ಕ ಕಿಟಕಿಯ ಹೊರಗೆ ನೋಡಿದಳು. ಒಪ್ಪಿಬಿಡುವುದು ಎಷ್ಟು ಸುಲಭ ಎಂದು ಆಕೆಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮಾತು ಮುಗಿಯುತ್ತದೆ. ಕೆಲಸ ಸಾಗುತ್ತದೆ. ಆದರೆ ಬಟ್ಟೆ ತೊಟ್ಟವಳು ನಾಳೆ ಯಾರದೋ ಬಾಯಲ್ಲಿ ತನ್ನದೇ ಮಾತು ಕೇಳಿದರೆ? ಒಳಗೆ ಪಿನ್ನು ಬಿಟ್ಟು ಹೊಲಿದುಕೊಟ್ಟ ಹಾಗಾಗುತ್ತದೆ.

“ಆಗಲ್ಲ,” ಅಂದಳು. “ಅವಳ ಮಾತು ಅವಳದು. ಕಳೆದದ್ದು ಅವಳಿಗೆ ಗೊತ್ತಾಗಬೇಕು.”

ಮೊದಲು ಈಜು ಕಲಿಸುವಾಕೆಗೆ ಬರೆದಳು. ಆಮೇಲೆ ಉಳಿದವರಿಗೆ, ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ. ಏನಾಯಿತು, ಏನು ಮಾಡಿದೆವು, ಹಳೆಯ ಪತ್ರಗಳನ್ನು ಯಾರಾದರೂ ಓದಿದರೋ ಇಲ್ಲವೋ ಗೊತ್ತಿಲ್ಲ, ನಮ್ಮ ಹೆಸರಿನಲ್ಲಿ ಹಣ ಅಥವಾ ಚಿತ್ರ ಕೇಳಿ ಪತ್ರ ಬಂದರೆ ಉತ್ತರಿಸಬೇಡಿ. ಇಷ್ಟೇ. ನಾದಿನಿ ಪಕ್ಕದಲ್ಲಿ ಕೂತು ವಿಳಾಸ ಓದಿದಳು. ಒಂದೆರಡು ಸಲ ಕಣ್ಣೊರೆಸಿಕೊಂಡಳು. ಬೇಗನೇ ಉತ್ತರಗಳು ಬರತೊಡಗಿದವು. ಕೆಲವರು ತಿಳಿಸಿದ್ದು ಒಳ್ಳೆಯದಾಯಿತು ಅಂದರು. ಒಬ್ಬಾಕೆ ಇನ್ನೆಂದೂ ನಿಮಗೆ ಬರೆಯುವುದಿಲ್ಲ ಅಂದಳು. ಅದೂ ನ್ಯಾಯವೇ.

ಈಜು ಕಲಿಸುವಾಕೆಯಿಂದ ಮಾತ್ರ ಏನೂ ಬರಲಿಲ್ಲ. ಬಟ್ಟೆ ಮೇಜಿನ ಮೇಲೆ ಹರವಿಕೊಂಡು ಬಿದ್ದಿತ್ತು.

ಮಧ್ಯಾಹ್ನ ಫೋನ್ ಹೊಡೆದುಕೊಂಡಿತು. ಗಟ್ಟಿ ಗಂಟಲು, ಹಿಂದೆ ನೀರಿನ ಸದ್ದು, ಮಕ್ಕಳ ಕಿರುಚಾಟ.

“ನಾನು, ಈಜು ಕಲಿಸೋಳು. ನನ್ನ ಪತ್ರ ಅವನು ಓದಿದಾನಾ?”

“ಓದಿರಬಹುದು. ಇಲ್ಲ ಅಂತ ಆಣೆ ಇಡಲಾರೆ. ತಪ್ಪು ನಮ್ಮದು.”

ನಾದಿನಿ ಸೆರಗಿನ ತುದಿ ಕಚ್ಚಿಕೊಂಡಳು.

“ಬೆಳಿಗ್ಗೆಯಿಂದ ನಿಮ್ಮನ್ನ ಮನಸಾರೆ ಬೈದೆ,” ಅಂದಳು ಈಜು ಕಲಿಸುವಾಕೆ. “ಆಮೇಲೆ ಯೋಚನೆ ಬಂತು. ಯಾವನೋ ಗುರುತಿಲ್ಲದೋನು ತಿಳಿದಿರೋದನ್ನ ಮುಂಚೆ ದಿನಾ ನನ್ನ ಜೊತೆ ನೀರಿಗಿಳೀತಿದ್ದ, ಇಲ್ಲಿ ಈಜು ಕಲಿಸೋ ಇನ್ನೊಬ್ಬಳು ತಿಳೀಬಾರದಾ? ಈಗತಾನೇ ಅವಳಿಗೆ ಹೇಳಿಬಿಟ್ಟೆ. ಅತ್ತಳು, ಪೆದ್ದಿ. ನಾನೇ ಸಮಾಧಾನ ಮಾಡಬೇಕಾಯ್ತು.” ನಗುವೋ ಅಳುವೋ ತಿಳಿಯದ ಒಂದು ಸದ್ದು ಬಂತು. “ನೀವು ಮುಚ್ಚಿಟ್ಟು, ಅದು ಮುಂದೆ ನನಗೆ ಗೊತ್ತಾಗಿದ್ದರೆ ನಿಮ್ಮ ಬಟ್ಟೆ ಮೈಗೆ ಹಾಕ್ತಿರಲಿಲ್ಲ. ಕತ್ತರಿಸಿದ್ರಾ?”

“ಇನ್ನೂ ಇಲ್ಲ.”

“ಮತ್ತೆ ಹರಟೆ ಯಾಕೆ? ಫೋನ್ ಇಡಿ. ನಾಳಿದ್ದು ನಾನು ನೀರಲ್ಲಿರಬೇಕು.”

ನಾದಿನಿ ಆಗಲೇ ಕತ್ತರಿ ಎತ್ತಿಕೊಂಡಿದ್ದಳು.

ಓದುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮೇಲ್‌ಪೆಟ್ಟಿಗೆಯಲ್ಲೂ ಬೇರೆಯವರು ನಂಬಿ ಇಟ್ಟ ಮಾತುಗಳಿವೆ. ನಿಮ್ಮ ಮೇಲ್ ಕಂಪನಿಗೆ ಇವತ್ತೇ, ಏನೂ ಕೆಡದಿರುವಾಗಲೇ, ಫೋನ್ ಮಾಡಿ ನಿಮ್ಮ ಸರ್ವರಿನ ಸರಿಯಾದ ಹೆಸರು ಕೇಳಿ ಬರೆದು ಕಂಪ್ಯೂಟರಿನ ಪಕ್ಕ ಅಂಟಿಸಿ. ಬೇರೆ ಹೆಸರು ಪಾಸ್‌ವರ್ಡ್ ಕೇಳಿದರೆ ಕೈ ಹಿಂದೆ ತೆಗೆಯಿರಿ, ಹೋಲಿಸಿ ನೋಡಿ, ನಿಮಗೆ ಮೊದಲೇ ಗೊತ್ತಿದ್ದ ನಂಬರಿಗೆ ಕೇಳಿ. ಆಗಲೇ ಕೊಟ್ಟುಬಿಟ್ಟಿದ್ದರೆ ನಾಚಿಕೊಂಡು ಕೂರಬೇಡಿ. ಬೇರೆ ಸಾಧನದಿಂದ ಪಾಸ್‌ವರ್ಡ್ ಬದಲಿಸಿ, ಪತ್ರಗಳ ನಕಲು ಬೇರೆಲ್ಲಿಗಾದರೂ ಹೋಗುತ್ತಿದೆಯೇ ನೋಡಿ. ಮತ್ತೆ, ಯಾರ ಮಾತು ಕಳೆಯಿತೋ ಅವರಿಗೆ ತಿಳಿಸಿ. ಕಳ್ಳನಿಗೆ ಗೊತ್ತಿರುವುದು ಅವರಿಗೂ ಗೊತ್ತಿರಲಿ.