ಕಾಲರ್ ಹೊಲಿಯುವ ಕೈ

ನಮ್ಮ ಶರ್ಟ್ ಫ್ಯಾಕ್ಟರಿ ಸಮುದ್ರ ದಾಟಿ ಹೋಗುತ್ತದೆ ಎಂದು ಗೊತ್ತಾದ ದಿನ ನನಗೆ ಮಾಲೀಕನಿಗಿಂತ ಹೆಚ್ಚು ಸಿಟ್ಟು ಬಂದದ್ದು ಅಣ್ಣನ ಮೇಲೆ. ಅವನು ನಮ್ಮ ಕಾರ್ಮಿಕ ಸಂಘದ ಕಾರ್ಯದರ್ಶಿ. "ಸ್ವಲ್ಪ ಬಗ್ಗೋಣ, ಫ್ಯಾಕ್ಟರಿ ಇಲ್ಲೇ ಉಳಿಯುತ್ತೆ" ಎಂದು ಹೋದ ವರ್ಷ ಎಲ್ಲರಿಂದಲೂ ಸಹಿ ಹಾಕಿಸಿದ್ದ. ಕಾಯಂ ಕೆಲಸ ಬಿಟ್ಟುಕೊಟ್ಟು ಕಾಂಟ್ರಾಕ್ಟಿಗೆ ಇಳಿದೆವು. ಆರ್ಡರ್ ಇದ್ದರೆ ಬಾ, ಇಲ್ಲದಿದ್ದರೆ ಮನೆಯಲ್ಲಿರು ಎಂದರು, ಅದಕ್ಕೂ ತಲೆಯಾಡಿಸಿದೆವು. ಬಗ್ಗಿ ಬಗ್ಗಿ ಬೆನ್ನು ಮುರಿದ ಮೇಲೆ ಮಾಲೀಕ ಹೇಳುತ್ತಾನೆ, ಅಲ್ಲಿಯವರು ಇನ್ನೂ ಬಗ್ಗುತ್ತಾರಂತೆ! ನಮ್ಮನ್ನು ಕಳಿಸುವುದೂ ಈಗ ಸುಲಭ. ಕಾಂಟ್ರಾಕ್ಟ್ ಮುಗಿಯಿತು ಎಂದರೆ ಮುಗಿಯಿತು.

ಮೆಷಿನ್‌ಗಳು ಪೆಟ್ಟಿಗೆ ಸೇರತೊಡಗಿದವು. ಪೆಟ್ಟಿಗೆಗೆ ಮೊಳೆ ಹೊಡೆಯುವ ಕೆಲಸ ಅಣ್ಣನಿಗೇ ಬಿತ್ತು. ಸರಿಯಾಗೇ ಆಯಿತು ಎಂದುಕೊಂಡೆ.

ನನ್ನ ಮೆಷಿನ್ ಮಾತ್ರ ಬಿಟ್ಟು, ಅದರ ಮೇಲೊಂದು ಕ್ಯಾಮೆರಾ ಕಟ್ಟಿದರು. ಶರ್ಟಿನ ಕಾಲರ್ ಹೊಲಿಯುವವಳು ನಾನು. ಮೂಲೆಗೆ ಬಂದಾಗ ಸೂಜಿ ಬಟ್ಟೆಯೊಳಗೇ ಇರಬೇಕು, ಎಡ ಹೆಬ್ಬೆರಳಿನಿಂದ ಬಟ್ಟೆ ತಿರುಗಿಸಬೇಕು. ಅಲ್ಲಿಯ ಹುಡುಗಿಯರು ಟಿವಿಯ ಮುಂದೆ ಕೂತು ಅದನ್ನು ನೋಡಿ ಕಲಿಯುತ್ತಾರಂತೆ.

"ಚೆನ್ನಾಗಿ ಕಲಿಸಿದ್ರೆ ನಿಮ್ಮನ್ನ ಮಾದರಿ ಶರ್ಟು ಹೊಲಿಯೋ ಸ್ಯಾಂಪಲ್ ವಿಭಾಗದಲ್ಲಿ ಇಟ್ಕೊತಾರಮ್ಮ. ಅದೊಂದು ಇಲ್ಲೇ ಇರುತ್ತೆ" ಎಂದ ಸೂಪರ್‌ವೈಸರ್.

ಅಣ್ಣನ ಸಂಸಾರ ಬೇರೆ; ನಮ್ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ. ಮೆಷಿನ್ ಮುಂದೆ ಕೂತೆ.

ಬೇಕೆಂದೇ ತಪ್ಪು ತೋರಿಸಲೇ ಅನ್ನಿಸಿತು. ಆದರೆ ನಾಳೆ ಬೈಸಿಕೊಳ್ಳುವವಳು ಅಲ್ಲಿ ಕೂತು ಕಲಿಯುವ ಹುಡುಗಿ, ಮಾಲೀಕನಲ್ಲ. ಸರಿಯಾಗಿಯೇ ಹೊಲಿಯುತ್ತ ಕ್ಯಾಮೆರಾ ಕಡೆ ಕತ್ತೆತ್ತಿ ಹೇಳಿದೆ: "ನೋಡು ತಂಗಿ, ನಿನಗೂ ಬಗ್ಗು ಅಂತಾರೆ. ಬಗ್ಗಬೇಡ. ನಾವು ಬಗ್ಗಿದ್ವಿ, ಆದ್ರೂ ಬಿಟ್ಟು ಹೊರಟ್ರು."

ಸೂಪರ್‌ವೈಸರ್ ನಕ್ಕ. "ಬಾಯಿ ಯಾಕೆ ನೋಯಿಸ್ಕೊತೀರಾ? ಇದ್ರಲ್ಲಿ ಮಾತು ಹೋಗಲ್ಲ. ಹೋದ್ರೂ ನಿಮ್ಮ ಭಾಷೆ ಅವ್ರಿಗೆ ಬರುತ್ತಾ? ಬರೀ ಕೈ ಕಾಣುತ್ತೆ ಅಷ್ಟೆ."

ಕಾಲರ್ ಅರ್ಧಕ್ಕೇ ಬಿಟ್ಟು ಮೆಷಿನ್ ಆಫ್ ಮಾಡಿದೆ. ಎರಡೂ ಕೈಗಳನ್ನು ಕ್ಯಾಮೆರಾಕ್ಕೆ ಕಾಣುವಂತೆ ಮೆಷಿನ್ ಮುಂದೆ ಚಾಚಿಟ್ಟು ಸುಮ್ಮನೆ ಕೂತೆ.

"ಏನಮ್ಮ ಇದು? ಸ್ಯಾಂಪಲ್ ಕೆಲಸ ಬೇಡ್ವಾ?"

"ಬೇಡ. ಕ್ಯಾಮೆರಾ ಮಾತ್ರ ನಿಲ್ಲಿಸ್ಬೇಡಿ. ಅವಳು ಇದನ್ನೂ ಕಲೀಲಿ."

ಹಿಂದೆ ಮೊಳೆ ಹೊಡೆಯುವ ಸದ್ದು ನಿಂತಿತು. ತಿರುಗಿ ನೋಡಿದರೆ ಅಣ್ಣ ಸುತ್ತಿಗೆ ಕೆಳಗಿಟ್ಟು ನಿಂತಿದ್ದ.

"ಹೋದ ವರ್ಷ ಸಹಿ ಹಾಕ್ಸೋ ಬದ್ಲು ಕೆಳಗಿಡ್ಬೇಕಿತ್ತು ಕಣೋ ಅದನ್ನ" ಎಂದೆ.